ಕೇಶ ಪ್ರಶ್ನೋತ್ತರ: ಯಾವ ಕೂದಲಿಗೆ ಯಾವ ಬಗೆಯ ಜಟೆ?

ಈ ಸಲ ಬಂದ ಪತ್ರಗಳಲ್ಲಿ ಡ್ರೆಡ್‌ಲಾಕ್ಸ್ ಕುರಿತ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ. ಡ್ರೆಡ್‌ಲಾಕ್ಸ್ ಎನ್ನುವುದಕ್ಕೆ ಜಟೆ ಎಂಬ ಹಳೆಯ ಮಾತು ನಮ್ಮಲ್ಲಿ ಇದ್ದೇ ಇದೆ. ಇಲ್ಲಿ ಅದನ್ನೇ ಬಳಸುತ್ತೇನೆ. ಜಡೆ ಎಂಬ ಮಾತೂ ಅದೇ ಮೂಲದಿಂದ ಬಂದದ್ದು, ಆದರೆ ಎರಡರ ಅರ್ಥ ಈಗ ಬೇರೆಯಾಗಿದೆ. ಜಡೆಯನ್ನು ಬಿಚ್ಚಿ ಬಾಚಿದರೆ ಕೂದಲು ಮೊದಲಿನಂತಾಗುತ್ತದೆ. ಜಟೆ ಹಾಗೆ ಬಿಚ್ಚಿಕೊಳ್ಳುವುದಿಲ್ಲ, ಏಕೆಂದರೆ ಅದರೊಳಗಿನ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡು ಒಂದೇ ಹಗ್ಗವಾಗಿರುತ್ತವೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳನ್ನು ಹಿಂಬಾಲಿಸುವುದು ಸುಲಭವಾಗುತ್ತದೆ.

ಪ್ರಶ್ನೆ: ನನ್ನದು ನೇರವಾದ, ನುಣುಪಾದ, ಭುಜದವರೆಗಿನ ಕೂದಲು. ವಿಡಿಯೋ ಒಂದನ್ನು ನೋಡಿ, ಜೆಲ್ ಹಚ್ಚಿ, ಸಣ್ಣ ಬಾಚಣಿಗೆಯಿಂದ ಕೂದಲನ್ನು ಸುರುಳಿ ಸುತ್ತಿ ಅರವತ್ತು ಜಟೆಗಳನ್ನು ಮಾಡಿಕೊಂಡೆ. ಹತ್ತನೆಯ ದಿನ ತಲೆಗೆ ಸ್ನಾನ ಮಾಡಿದಾಗ ಎಲ್ಲವೂ ಬಿಚ್ಚಿಹೋದವು. ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಕೈಕೆಲಸದಲ್ಲಿ ತಪ್ಪಿರಲಿಕ್ಕಿಲ್ಲ. ನೀವು ಅನುಸರಿಸಿದ ವಿಧಾನ ಬೇರೆ ಬಗೆಯ ಕೂದಲಿಗಾಗಿ ಹುಟ್ಟಿಕೊಂಡದ್ದು. ಬಿಗಿಯಾದ ಗುಂಗುರು ಕೂದಲಿನ ಪ್ರತಿಯೊಂದು ಎಳೆಯೂ ತನ್ನಷ್ಟಕ್ಕೇ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಅದರ ಅಡ್ಡಕೊಯ್ತ ಚಪ್ಪಟೆಯಾಗಿರುತ್ತದೆ, ಅದು ಹುಟ್ಟುವ ಬುಡವೇ ಚರ್ಮದೊಳಗೆ ಬಾಗಿರುತ್ತದೆ. ಅಂಥ ಎಳೆಗಳನ್ನು ಒಂದೇ ದಿಕ್ಕಿಗೆ ಸುತ್ತಿ ಬಿಟ್ಟರೆ ಸಾಕು, ಬಾಗುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ತಾವೇ ಗಂಟಾಗುತ್ತವೆ. ನೇರ ಕೂದಲಿನ ಎಳೆ ಹೆಚ್ಚುಕಡಿಮೆ ದುಂಡಗಿರುತ್ತದೆ ಮತ್ತು ಅದಕ್ಕೆ ಕೊಂಡಿ ಹಾಕಿಕೊಳ್ಳಲು ಬಾಗು ಇರುವುದಿಲ್ಲ. ನೀವು ಸುತ್ತಿದ ಸುರುಳಿಯನ್ನು ಹತ್ತು ದಿನ ಹಿಡಿದಿಟ್ಟದ್ದು ಜೆಲ್. ನೀರು ಜೆಲ್ಲನ್ನು ಕರಗಿಸಿದ ಕೂಡಲೇ ಕೂದಲು ತನ್ನ ಸ್ವಭಾವಕ್ಕೆ ಮರಳಿತು.

ನೇರ ಕೂದಲಿನಲ್ಲಿ ಗಂಟನ್ನು ನಾವೇ ಹುಟ್ಟಿಸಬೇಕು. ಇದಕ್ಕೆ ಸಹಾಯಕ್ಕೆ ಬರುವುದು ಎಳೆಯ ಹೊರಮೈ. ಕೂದಲಿನ ಮೇಲ್ಪದರವು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಕೂತ ಸೂಕ್ಷ್ಮ ಪರೆಗಳಿಂದ ಆಗಿದೆ, ಮತ್ತು ಆ ಪರೆಗಳ ಅಂಚು ತುದಿಯ ಕಡೆಗೆ ಮುಖಮಾಡಿರುತ್ತದೆ. ಒಂದು ಎಳೆಯನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಸವರಿದರೆ ನುಣುಪೆನಿಸುತ್ತದೆ, ತುದಿಯಿಂದ ಬುಡಕ್ಕೆ ಸವರಿದರೆ ತಡೆ ತಿಳಿಯುತ್ತದೆ. ಆದ್ದರಿಂದ ತುದಿಯಿಂದ ಬುಡದ ಕಡೆಗೆ ಎಳೆಗಳನ್ನು ತಳ್ಳಿದಾಗ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನೇರ ಕೂದಲಿಗೆ ಒಗ್ಗುವ ಮುಖ್ಯ ವಿಧಾನಗಳೆಲ್ಲ ಈ ತಡೆಯನ್ನೇ ಒಂದಲ್ಲ ಒಂದು ರೀತಿಯಲ್ಲಿ ಬಳಸಿಕೊಳ್ಳುತ್ತವೆ.

ಮೊದಲನೆಯದು ಬ್ಯಾಕ್‌ಕೋಂಬಿಂಗ್. ಚೌಕಾಕಾರದ ಒಂದು ಭಾಗದ ಕೂದಲನ್ನು ನೆತ್ತಿಗೆ ಲಂಬವಾಗಿ ಹಿಡಿದೆತ್ತಿ, ಒತ್ತು ಹಲ್ಲಿನ ಲೋಹದ ಬಾಚಣಿಗೆಯಿಂದ ಬುಡದ ಬಳಿಯೇ ಆರಂಭಿಸಿ ಕೆಳಮುಖವಾಗಿ ಬಾಚುತ್ತ, ಗಂಟುಗಳನ್ನು ಒಂದರ ಮೇಲೊಂದು ಒತ್ತರಿಸುತ್ತ ತುದಿಯವರೆಗೆ ಬರಬೇಕು. ಹೊರಗೆ ಬಿಗಿಯಾಗಿ ಕಾಣುವ, ಅಂದವಾದ ಜಟೆ ಸಿಗುತ್ತದೆ; ಆದರೆ ಬಾಚಣಿಗೆ ಒರಟಾಗಿ ಬಿದ್ದಲ್ಲೆಲ್ಲ ಕೂದಲು ತುಂಡಾಗುತ್ತದೆ.

ಎರಡನೆಯದು ಹುರಿ ಮಾಡಿ ಸೀಳುವ ವಿಧಾನ. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತವಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಇದಕ್ಕೆ ಉಪಕರಣವೇ ಬೇಡ. ಎರಡರಿಂದ ಎರಡೂವರೆ ಸೆಂಟಿಮೀಟರ್ ಅಗಲದ ಚೌಕದ ಕೂದಲನ್ನು ತುದಿಯ ಬಳಿ ಹಿಡಿದು ಎರಡು ಮೂರು ಸುತ್ತು ಹುರಿಗೊಳಿಸಿ. ಆಮೇಲೆ ತುದಿಯನ್ನು ಲೆಕ್ಕವಿಲ್ಲದೆ ಎರಡು ಪಾಲು ಮಾಡಿ, ಎಡಗೈಗೊಂದು ಬಲಗೈಗೊಂದು ಪಾಲು ಹಿಡಿದು, ಎರಡನ್ನೂ ದೂರ ದೂರಕ್ಕೆ ಎಳೆಯಿರಿ. ಹುರಿಯ ಸೀಳು ಮೇಲಕ್ಕೆ ಓಡಿ, ನೆತ್ತಿಯಿಂದ ಸುಮಾರು ಒಂದು ಸೆಂಟಿಮೀಟರ್ ದೂರದಲ್ಲಿ ಸಣ್ಣ ಗಂಟಾಗಿ ನಿಲ್ಲುತ್ತದೆ. ಮತ್ತೆ ಹುರಿ, ಮತ್ತೆ ಬೇರೆ ಜಾಗದಲ್ಲಿ ಪಾಲು, ಮತ್ತೆ ಸೀಳು. ಪ್ರತಿ ಸಲವೂ ಬೇರೆ ಬೇರೆ ಎಳೆಗಳು ಪಾಲಿಗೆ ಬರುವಂತೆ ನೋಡಿಕೊಳ್ಳುವುದೇ ಇದರ ಗುಟ್ಟು. ಅದೇ ಎರಡು ಪಾಲನ್ನು ಹಿಡಿಯುತ್ತ ಹೋದರೆ ಅದು ಹುರಿಯಾಗಿಯೇ ಉಳಿಯುತ್ತದೆ. ಹತ್ತು ಹದಿನೈದು ಸಲ ಆದಮೇಲೆ ಬುಡದಲ್ಲಿ ಒಂದು ಗಟ್ಟಿ ಗಡ್ಡೆ ಕೈಗೆ ಸಿಗುತ್ತದೆ, ಅದು ಇಂಚಿಂಚಾಗಿ ಕೆಳಗಿಳಿಯುತ್ತ ಬರುತ್ತದೆ. ತುದಿ ಮುಟ್ಟುವ ಹೊತ್ತಿಗೆ ಬೆರಳು ನೋಯುವುದು ಖಚಿತ. ಇಡೀ ತಲೆಗೆ ಒಂದು ಪೂರ್ತಿ ದಿನ ಹಿಡಿಯುತ್ತದೆ, ಒಬ್ಬರೇ ಮಾಡಿಕೊಳ್ಳುವುದಾದರೆ ಇನ್ನೂ ಹೆಚ್ಚು. ಮೊದಲ ವಾರದ ನೋಟ ಬ್ಯಾಕ್‌ಕೋಂಬಿಂಗ್‌ನಷ್ಟು ಚೊಕ್ಕವಾಗಿರುವುದಿಲ್ಲ, ಆದರೆ ಕೂದಲು ಮುರಿಯುವುದು ಕಡಿಮೆ, ಒಳಗಿನ ಗಂಟು ಸಡಿಲವಾಗಿ ಹರಡಿಕೊಂಡಿರುವುದರಿಂದ ತೊಳೆದಾಗ ಬೇಗ ಒಣಗುತ್ತದೆ.

ಮೂರನೆಯದು ಕ್ರೋಶೆ ಸೂಜಿಯ ಕೆಲಸ. 0.5 ಅಥವಾ 0.75 ಮಿಲಿಮೀಟರಿನ ಸೂಜಿಯನ್ನು ಜಟೆಯ ಒಂದು ಬದಿಯಿಂದ ತೂರಿಸಿ, ಸಡಿಲ ಎಳೆಗಳನ್ನು ಹಿಡಿದು ಒಳಕ್ಕೆ ಎಳೆದುಕೊಳ್ಳುವುದು. ಇದೊಂದರಿಂದಲೇ ಇಡೀ ತಲೆಗೆ ಜಟೆ ಹಾಕುವವರಿದ್ದಾರೆ ಮತ್ತು ಅದೇ ದಿನ ಜಟೆ ಪಕ್ವವಾದಂತೆ ಕಾಣುತ್ತದೆ. ಆ ಗಟ್ಟಿತನ ಸೂಜಿ ಕೊಟ್ಟದ್ದು. ಸೂಜಿ ಜೋರಾಗಿ ಆಡಿದಷ್ಟೂ ಒಳಗಡೆ ಎಳೆಗಳು ತುಂಡಾಗುತ್ತವೆ, ಮತ್ತು ಅದರ ಫಲ ವರ್ಷ ಕಳೆದ ಮೇಲೆ ಜಟೆ ಅಲ್ಲಲ್ಲಿ ಸಣಕಲಾಗಿ ಕಾಣಿಸಿಕೊಂಡಾಗ ಗೊತ್ತಾಗುತ್ತದೆ. ನಿಮ್ಮ ಕೂದಲಿಗೆ ನನ್ನ ಸಲಹೆ ಇದು: ಹುರಿ ಮಾಡಿ ಸೀಳುವ ವಿಧಾನದಿಂದ ಜಟೆ ಕಟ್ಟಿ, ಹೊರಗೆ ಚಾಚಿಕೊಂಡ ಎಳೆಗಳಿಗೆ ಮತ್ತು ತುದಿಗೆ ಮಾತ್ರ ಸೂಜಿ ಬಳಸಿ.

ಕೂದಲು ಶುಭ್ರವಾಗಿ ತೊಳೆದದ್ದೂ ಪೂರ್ತಿ ಒಣಗಿದ್ದೂ ಆಗಿರಬೇಕು. ಹಿಂದಿನ ಒಂದು ವಾರ ಕಂಡೀಷನರ್ ಬೇಡ, ಏಕೆಂದರೆ ಅದು ಪರೆಗಳನ್ನು ಮಲಗಿಸಿ ಕೂದಲನ್ನು ಜಾರುವಂತೆ ಮಾಡುತ್ತದೆ. ಬೈತಲೆಗಳನ್ನು ಇಟ್ಟಿಗೆ ಗೋಡೆಯ ವರಸೆಯಂತೆ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಮಧ್ಯಭಾಗ ಬರುವಂತೆ ತೆಗೆದರೆ ನೆತ್ತಿಯ ಮೇಲೆ ನೇರ ಗೆರೆಗಳು ಎದ್ದು ಕಾಣುವುದಿಲ್ಲ. ಉದ್ದದ ವಿಷಯದಲ್ಲಿ ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ: ನೇರ ಕೂದಲು ಜಟೆಗಟ್ಟುವಾಗ ಉದ್ದದ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಒಳಕ್ಕೆ ಸೇದಿಕೊಳ್ಳುತ್ತದೆ. ಹದಿನೈದು ಸೆಂಟಿಮೀಟರಿಗಿಂತ ಗಿಡ್ಡ ಕೂದಲಿದ್ದವರು ಬೆಳೆಯುವವರೆಗೆ ಕಾಯುವುದು ಒಳಿತು.

ಪ್ರಶ್ನೆ: ನನ್ನ ಕೂದಲು ತೀರ ಬಿಗಿ ಗುಂಗುರು, ಉದ್ದ ಐದು ಸೆಂಟಿಮೀಟರ್ ಮಾತ್ರ. ಸಲೂನಿನವರು ಕ್ರೋಶೆ ಸೂಜಿಯಿಂದ ಒಂದೇ ದಿನದಲ್ಲಿ ಜಟೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಿಕೊಳ್ಳಲೇ?

ಉತ್ತರ: ನಿಮ್ಮ ಕೂದಲು ತಾನಾಗಿಯೇ ಮಾಡುವ ಕೆಲಸಕ್ಕೆ ಸೂಜಿಯನ್ನು ಏಕೆ ಕರೆಯುತ್ತೀರಿ? ಹಿಂದಿನ ಪತ್ರದವರಿಗೆ ಕೈಕೊಟ್ಟ ಬಾಚಣಿಗೆಯ ಸುರುಳಿಯೇ ನಿಮಗೆ ಸರಿಯಾದದ್ದು. ಕೂದಲು ಒದ್ದೆಯಾಗಿರುವಾಗ, ನೀರಿನಲ್ಲಿ ಸುಲಭವಾಗಿ ತೊಳೆದುಹೋಗುವ ಲೋಳೆಸರದ ಜೆಲ್‌ನಂಥದ್ದನ್ನು ತುಸು ಹಚ್ಚಿ, ಸಣ್ಣ ಬಾಚಣಿಗೆಯ ಹಲ್ಲುಗಳನ್ನು ಬುಡಕ್ಕೆ ಸೇರಿಸಿ, ಒಂದೇ ದಿಕ್ಕಿಗೆ ತಿರುಗಿಸುತ್ತ ನಿಧಾನವಾಗಿ ತುದಿಯವರೆಗೆ ಇಳಿಸಿ. ಆರಂಭದಿಂದಲೇ ದುಂಡನೆಯ ಜಟೆ ಸಿಗುತ್ತದೆ. ಇದರ ಕೊರತೆಯೆಂದರೆ ಮೊದಲ ಕೆಲವು ಸ್ನಾನಗಳಲ್ಲಿ ಕೆಲವು ಸುರುಳಿಗಳು ಬಿಚ್ಚಿಕೊಳ್ಳುತ್ತವೆ, ಮತ್ತೆ ಸುತ್ತಿದರಾಯಿತು.

ದಿನವೂ ವ್ಯಾಯಾಮ ಮಾಡಿ ಬೆವರುವವರು, ಪದೇ ಪದೇ ತಲೆ ತೊಳೆಯಲೇಬೇಕಾದವರು ಎರಡೆಳೆ ಹುರಿಯನ್ನು ಆರಿಸಿಕೊಳ್ಳಬಹುದು. ಒಂದು ಚೌಕದ ಕೂದಲನ್ನು ಎರಡು ಪಾಲು ಮಾಡಿ ಹಗ್ಗದಂತೆ ಒಂದರ ಮೇಲೊಂದು ಸುತ್ತುವ ಈ ವಿಧಾನ ನೀರಿಗೆ ಹೆಚ್ಚು ತಡೆದುಕೊಳ್ಳುತ್ತದೆ, ಜಟೆಯೂ ತುಸು ದಪ್ಪವಾಗುತ್ತದೆ. ಆದರೆ ಇದಕ್ಕೆ ಏಳೆಂಟು ಸೆಂಟಿಮೀಟರ್ ಉದ್ದವಾದರೂ ಇದ್ದರೆ ಸುಲಭ, ಮತ್ತು ಹುರಿಯ ಗೆರೆ ಕೆಲವು ತಿಂಗಳು ಕಾಣುತ್ತಲೇ ಇರುತ್ತದೆ.

ಸೂಜಿಗಿಂತ ದೊಡ್ಡ ಅಪಾಯ ಆಮೇಲಿನ ಅತಿ ಆರೈಕೆಯದು. ಬುಡದಲ್ಲಿ ಹೊಸ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆ ಹೊಸ ಕೂದಲನ್ನು ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರಂಭದಲ್ಲಿ ಸುತ್ತಿದ ದಿಕ್ಕಿಗೇ ತಿರುಗಿಸಿ, ಹತ್ತಿಯ ಬತ್ತಿ ಹೊಸೆದಂತೆ ಅಂಗೈಗಳ ನಡುವೆ ಹೊಸೆದರೆ ಸಾಕು. ಚೊಕ್ಕವಾಗಿ ಕಾಣಲೆಂದು ವಾರ ವಾರ ತಿರುಚುವವರ ಬುಡಗಳು ದಾರದಂತಾಗಿ, ಕೊನೆಗೆ ಜಟೆಯೇ ಕಳಚಿ ಬೀಳುವುದುಂಟು. ನಾಲ್ಕರಿಂದ ಹನ್ನೆರಡು ತಿಂಗಳ ನಡುವೆ ನಿಮ್ಮ ಜಟೆಗಳ ಮಧ್ಯದಲ್ಲಿ ಬಟಾಣಿ ಕಾಳಿನಂಥ ಉಬ್ಬುಗಳು ಕಾಣಿಸಿಕೊಳ್ಳುತ್ತವೆ, ಜಟೆಗಳು ಊದಿಕೊಂಡು ಅಂಕೆ ಮೀರಿದಂತೆ ತೋರುತ್ತವೆ. ಬಹಳ ಜನ ಬೇಸತ್ತು ಕತ್ತರಿ ಹಿಡಿಯುವುದು ಈ ಘಟ್ಟದಲ್ಲೇ. ಆ ಉಬ್ಬು ಒಳಗೆ ಗಂಟು ಹುಟ್ಟುತ್ತಿರುವುದರ ಗುರುತು. ಅದನ್ನು ಹಿಸುಕಿ ನೇರಮಾಡಲು ಹೋಗಬೇಡಿ.

ಪ್ರಶ್ನೆ: ನನ್ನ ಕೂದಲು ಅತ್ತ ನೇರವೂ ಅಲ್ಲ, ಇತ್ತ ಬಿಗಿ ಗುಂಗುರೂ ಅಲ್ಲ, ದೊಡ್ಡ ದೊಡ್ಡ ಅಲೆಗಳಿವೆ, ತುದಿಯಲ್ಲಿ ಮಾತ್ರ ಸುರುಳಿ. ನನ್ನಂಥವರು ಯಾವ ಗುಂಪಿಗೆ ಸೇರುತ್ತೇವೆ?

ಉತ್ತರ: ಕೂದಲನ್ನು 1ರಿಂದ 4ರವರೆಗೆ, ನೇರದಿಂದ ಬಿಗಿ ಗುಂಗುರಿನವರೆಗೆ, ವಿಂಗಡಿಸುವ, ಕೇಶವಿನ್ಯಾಸಕ ಆಂಡ್ರೆ ವಾಕರ್ ಅವರ ಪದ್ಧತಿಯನ್ನು ನೀವು ಕೇಳಿರಬಹುದು. ಅದರಲ್ಲಿ ನಿಮ್ಮದು 2 ಮತ್ತು 3ರ ನಡುವಿನದು. ಆದರೆ ಜಟೆಯ ಮಟ್ಟಿಗೆ ಆ ಅಂಕಿಗಿಂತ ಒಂದು ಪರೀಕ್ಷೆ ಹೆಚ್ಚು ಉಪಯುಕ್ತ. ಕಿವಿಯ ಹಿಂದೆ, ಮೇಲಿನ ಕೂದಲು ಮುಚ್ಚುವ ಜಾಗದಲ್ಲಿ, ಎರಡು ಜಟೆಗಳನ್ನು ಆರಂಭಿಸಿ: ಒಂದನ್ನು ಎರಡೆಳೆ ಹುರಿಯಿಂದ, ಇನ್ನೊಂದನ್ನು ಹುರಿ ಮಾಡಿ ಸೀಳುವ ವಿಧಾನದಿಂದ. ಎರಡು ವಾರ ಬಿಟ್ಟು ಎಂದಿನಂತೆ ತಲೆ ತೊಳೆಯಿರಿ. ಯಾವುದು ಹೆಚ್ಚು ಉಳಿದಿದೆಯೋ ಅದು ನಿಮ್ಮ ವಿಧಾನ. ಎರಡೂ ಬಿಚ್ಚಿಕೊಂಡರೆ ಹೆಚ್ಚು ಗಂಟು ಬೇಕೆಂದು ಅರ್ಥ, ಆಗ ಬ್ಯಾಕ್‌ಕೋಂಬಿಂಗ್ ಪ್ರಯತ್ನಿಸಬಹುದು.

ನಿಮ್ಮ ಬಗೆಯ ಕೂದಲಿಗೆ ಮೂರೆಳೆ ಜಡೆಯಿಂದ ಜಟೆ ಆರಂಭಿಸಲು ಹೇಳುವವರು ಬಹಳ. ಜಡೆ ಬಿಚ್ಚಿಹೋಗುವುದಿಲ್ಲ ಎನ್ನುವುದು ನಿಜ, ಆದರೆ ಎಳೆಗಳು ಹೆಣಿಗೆಯೊಳಗೆ ಅಚ್ಚುಕಟ್ಟಾಗಿ ಬಂಧಿಯಾಗಿರುವುದರಿಂದ ಅವಕ್ಕೆ ಅಲುಗಾಡಿ ಸಿಕ್ಕಾಗಲು ಎಡೆ ಇರುವುದಿಲ್ಲ. ಬುಡದ ಹೊಸ ಕೂದಲು ಜಟೆಗಟ್ಟಿದ ಮೇಲೂ ಕೆಳಗಿನ ಹೆಣಿಗೆ ಚಪ್ಪಟೆಯಾಗಿ ಬಹುಕಾಲ ಹಾಗೆಯೇ ಉಳಿಯುವುದುಂಟು. ಬುಡ ಸಡಿಲವಾಗುತ್ತದೆ ಎಂಬ ಚಿಂತೆಯಿದ್ದರೆ ಇಂಟರ್‌ಲಾಕಿಂಗ್ ಮಾಡಿಸಬಹುದು. ಅಂದರೆ ಜಟೆಯ ತುದಿಯನ್ನು ಅದರದೇ ಬುಡದ ಕೂದಲಿನ ನಡುವಿನಿಂದ ತೂರಿಸಿ ಎಳೆಯುವುದು. ಪ್ರತಿ ಸಲ ದಿಕ್ಕು ಬದಲಿಸಬೇಕು: ಒಮ್ಮೆ ಮೇಲಿನಿಂದ ಕೆಳಕ್ಕೆ, ಮುಂದಿನ ಸಲ ಎಡದಿಂದ ಬಲಕ್ಕೆ, ಹೀಗೆ. ಒಂದೇ ದಿಕ್ಕಿನಿಂದ ತೂರಿಸುತ್ತ ಹೋದರೆ ಬುಡದಲ್ಲಿ ತೂತು ಬಿದ್ದು ಜಟೆ ಎರಡು ಕಾಲಿನದಾಗುತ್ತದೆ. ನೆತ್ತಿಗೆ ಅಂಟುವಷ್ಟು ಬಿಗಿಯಾಗಿಯೂ ಮಾಡಬಾರದು. ಬೆರಳಿನ ತುದಿಯಿಂದ ಜಟೆಯನ್ನು ಸುಲಭವಾಗಿ ಆಚೀಚೆ ಹೊರಳಿಸಲು ಬರಬೇಕು.

ಪ್ರಶ್ನೆ: ನನ್ನ ಕೂದಲು ಮೊದಲಿನಿಂದಲೂ ತೆಳು, ಈಚೆಗೆ ಕಣತಲೆಯ ಬಳಿ ಇನ್ನಷ್ಟು ವಿರಳವಾಗಿದೆ. ಜಟೆ ಹಾಕಿದರೆ ತುಂಬಿಕೊಂಡಂತೆ ಕಾಣುತ್ತದೆಯೇ?

ಉತ್ತರ: ಕಾಣುವುದಿಲ್ಲ. ಕೂದಲನ್ನು ಗುಂಪುಗೂಡಿಸಿದಷ್ಟೂ ಗುಂಪುಗಳ ನಡುವಿನ ಚರ್ಮ ಹೆಚ್ಚು ತೆರೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸತತ ಎಳೆತದಿಂದ ಕೂದಲು ಉದುರುವ ಟ್ರ್ಯಾಕ್ಷನ್ ಅಲೋಪೀಷಿಯಾ ಎಂಬ ತೊಂದರೆ ಬಹುತೇಕ ಹಣೆಯ ಅಂಚು ಮತ್ತು ಕಣತಲೆಗಳಿಂದಲೇ ಆರಂಭವಾಗುತ್ತದೆ, ಮತ್ತು ನಿಮ್ಮ ಕೂದಲು ಅಲ್ಲೇ ಸೋತಿದೆ. ಎಳೆತವನ್ನು ಬೇಗ ನಿಲ್ಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡಗಳು ಕಲೆಗಟ್ಟಿ ಮುಚ್ಚಿಹೋಗುತ್ತವೆ, ಆಮೇಲೆ ಮರಳುವುದಿಲ್ಲ. ಕೂದಲು ವಿರಳವಾಗುತ್ತಿರುವುದಕ್ಕೆ ಕಾರಣವೇನೆಂದು ಮೊದಲು ಚರ್ಮವೈದ್ಯರಿಗೆ ತೋರಿಸಿ. ಅವರು ಒಪ್ಪಿದ ಮೇಲೆ, ಸೋತ ಭಾಗವನ್ನು ಮುಟ್ಟದೆ ಹಿಂಭಾಗಕ್ಕಷ್ಟೇ ಸಣ್ಣ ಜಟೆಗಳನ್ನು ಹಾಕಿಸಿಕೊಳ್ಳಬಹುದು.

ಕೂದಲು ಆರೋಗ್ಯವಾಗಿಯೇ ಇದ್ದು ಎಳೆ ಮಾತ್ರ ಸಣ್ಣದಿರುವವರಿಗೆ ಒಂದು ಮಾತು: ಜಟೆ ತೆಳುವಾಗಿದ್ದರೆ ಬುಡದ ಮೇಲೆ ಭಾರ ಕಡಿಮೆ ಎಂದು ತೀರ ಸಣ್ಣ ಚೌಕಗಳನ್ನು ಆರಿಸಿಕೊಳ್ಳುತ್ತಾರೆ, ಆದರೆ ನಾಲ್ಕಾರು ಎಳೆಗಳು ಉದ್ದದ ಜಟೆಯೊಂದನ್ನು ಹೊರಲಾರವು. ನೆನೆದ ಜಟೆ ಒಣಗಿದ್ದಕ್ಕಿಂತ ಬಹಳ ಭಾರ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಧಾರಣ ದಟ್ಟಣೆಯ ತಲೆಗೆ 40ರಿಂದ 60 ಜಟೆ ಎಂಬುದು ಎರಡೂವರೆ ಸೆಂಟಿಮೀಟರ್ ಚೌಕದ ಲೆಕ್ಕ. ನಯವಾದ ತೆಳು ಕೂದಲಿಗೆ ಚೌಕವನ್ನು ಹಿಗ್ಗಿಸಿ ಜಟೆಗಳ ಸಂಖ್ಯೆಯನ್ನು ಕುಗ್ಗಿಸುವುದು ಕ್ಷೇಮ.

ಪ್ರಶ್ನೆ: ಎರಡು ವರ್ಷದ ಹಿಂದೆ ರಾಸಾಯನಿಕದಿಂದ ಕೂದಲನ್ನು ನೇರ ಮಾಡಿಸಿದ್ದೆ. ಈಗ ಬುಡದಲ್ಲಿ ನನ್ನ ಸಹಜ ಗುಂಗುರು ಬಂದಿದೆ, ಕೆಳಗೆ ಇನ್ನೂ ನೇರ. ಕತ್ತರಿಸದೆ ಜಟೆ ಆರಂಭಿಸಬಹುದೇ?

ಉತ್ತರ: ಆರಂಭಿಸಬಹುದು, ಆದರೆ ಗುಂಗುರು ಮತ್ತು ನೇರ ಕೂದಲು ಸೇರುವ ಗೆರೆಯೇ ಎಳೆಯ ಅತ್ಯಂತ ದುರ್ಬಲ ಜಾಗ, ಮತ್ತು ಜಟೆಯ ಭಾರ ನೇರವಾಗಿ ಅಲ್ಲಿಗೇ ಬೀಳುತ್ತದೆ. ಎರಡು ವರ್ಷದಲ್ಲಿ ಇಪ್ಪತ್ತು ಸೆಂಟಿಮೀಟರಿಗೂ ಹೆಚ್ಚು ಸಹಜ ಕೂದಲು ಬಂದಿರುವಾಗ ಕೆಳಗಿನದನ್ನು ಉಳಿಸಿಕೊಂಡು ಪಡೆಯುವುದೇನೂ ಇಲ್ಲ. ಕತ್ತರಿಸಿ, ಗುಂಗುರಿಗೆ ಹೇಳಿದ ವಿಧಾನವನ್ನು ಅನುಸರಿಸಿ.

ಪ್ರಶ್ನೆ: ಜಟೆ ಬೇಗ ಗಟ್ಟಿಯಾಗಲು ವ್ಯಾಕ್ಸ್ ಹಚ್ಚಬೇಕು, ಮೂರು ತಿಂಗಳು ತಲೆಗೆ ನೀರು ಸೋಕಿಸಬಾರದು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಎರಡೂ ಸುಳ್ಳು, ಮತ್ತು ಎರಡನ್ನೂ ಒಟ್ಟಿಗೆ ಪಾಲಿಸುವವರ ಸ್ಥಿತಿ ನೋಡಲಾಗದು. ಜೇನುಮೇಣವಾಗಲಿ ಪೆಟ್ರೋಲಿಯಂ ಜೆಲ್ಲಿಯಾಗಲಿ ನೀರಿನಲ್ಲಿ ಕರಗುವುದಿಲ್ಲ. ಅವು ಎಳೆಗಳನ್ನು ಅಂಟಿಸಿ ಹಿಡಿಯುತ್ತವೆ, ಅಂಟಿದ ಎಳೆಗಳು ಅಲುಗಾಡದೆ ಸಿಕ್ಕಾಗುವುದಿಲ್ಲ. ಜೊತೆಗೆ ದಿಂಬಿನ ಜುಂಗು, ದೂಳು, ಉದುರಿದ ಹೊಟ್ಟು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತವೆ. ವ್ಯಾಕ್ಸ್ ಹಚ್ಚಿದ ಜಟೆಯೊಂದನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ನಡುವೆ ಬೂದುಬಣ್ಣದ ಮೆತ್ತನೆಯ ತಿರುಳು ಕಾಣುತ್ತದೆ.

ಕೊಳೆ ಮತ್ತು ಜಿಡ್ಡು ಕೂದಲನ್ನು ಜಾರಿಸುತ್ತವೆ. ಶುಭ್ರವಾದ ಕೂದಲೇ ಚೆನ್ನಾಗಿ ಗಂಟುಗಟ್ಟುತ್ತದೆ. ಆರಂಭಿಸಿದ ಮೇಲೆ ನೇರ ಕೂದಲಿನವರು ಒಂದೆರಡು ವಾರ, ಗುಂಗುರು ಕೂದಲಿನವರು ಎರಡರಿಂದ ನಾಲ್ಕು ವಾರ ತಡೆದು, ಆಮೇಲೆ ವಾರಕ್ಕೊಮ್ಮೆಯಾದರೂ ಅಂಟು ಉಳಿಸದ ಶಾಂಪೂವಿನಿಂದ ತೊಳೆಯಬಹುದು. ನೊರೆಯನ್ನು ನೆತ್ತಿಗೆ ಉಜ್ಜಿ, ಜಟೆಗಳ ಮೂಲಕ ಅದನ್ನು ಹಿಂಡಿ ಇಳಿಸಿ, ಮೊದಲಿಗಿಂತ ಎರಡು ಪಟ್ಟು ಹೊತ್ತು ನೀರು ಹಾಯಿಸಿ. ಬೆಳಿಗ್ಗೆ ತೊಳೆಯಿರಿ, ರಾತ್ರಿ ತೊಳೆದು ಒದ್ದೆ ತಲೆಯಲ್ಲಿ ಮಲಗಬೇಡಿ; ಒಳಗಿನ ತೇವ ಆರದಿದ್ದರೆ ಬೂಷ್ಟು ಹಿಡಿಯುತ್ತದೆ, ಒಮ್ಮೆ ಹತ್ತಿದ ಆ ಮುಗ್ಗಲು ವಾಸನೆ ಸುಲಭಕ್ಕೆ ಹೋಗುವುದಿಲ್ಲ. ತಲೆಹೊಟ್ಟು ಇರುವವರು ಅದನ್ನು ಗುಣಪಡಿಸಿಕೊಂಡೇ ಜಟೆ ಆರಂಭಿಸಬೇಕು.

ಪ್ರಶ್ನೆ: ಇಷ್ಟೆಲ್ಲ ಕಸರತ್ತು ಏಕೆ? ಬಾಚುವುದನ್ನು ನಿಲ್ಲಿಸಿದರೆ ತಾನಾಗಿಯೇ ಜಟೆಗಟ್ಟುವುದಿಲ್ಲವೇ?

ಉತ್ತರ: ಗಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತವೆ. ಬಾಚದೆ ಬಿಟ್ಟಾಗ ಅವು ಕೆಳಗೆ ಬೀಳದೆ ಉಳಿದ ಕೂದಲಿಗೆ ಸುತ್ತಿಕೊಂಡು ಗಂಟಿಗೆ ಬೀಜವಾಗುತ್ತವೆ. ಬಿಗಿ ಗುಂಗುರು ಕೂದಲಿನವರಿಗೆ ಇದು ಅತ್ಯಂತ ಸೌಮ್ಯವಾದ ದಾರಿ, ನೆತ್ತಿಗೆ ಎಳೆತವೇ ಇಲ್ಲ. ನೇರ ಕೂದಲಿನವರಿಗೆ ಎರಡು ವರ್ಷವೂ ಹಿಡಿಯಬಹುದು, ಮತ್ತು ಜಟೆಗಳ ಗಾತ್ರ ಕೂದಲಿನ ಇಷ್ಟಕ್ಕೆ ಬಿಟ್ಟದ್ದು: ಕಿವಿಯ ಮೇಲೆ ಕಿರುಬೆರಳಿನಷ್ಟು, ಕತ್ತಿನ ಹಿಂದೆ ಅಂಗೈಯಗಲ. ಆದರೆ ಬಾಚುವುದನ್ನು ಬಿಡುವುದೆಂದರೆ ಗಮನವನ್ನೇ ಬಿಡುವುದೆಂದು ತಿಳಿದವರು ಕೆಲವು ತಿಂಗಳ ಮೇಲೆ ಹಿಂದಲೆಯಲ್ಲಿ ಒಂದೇ ಹಲಗೆಯಾದ ಕೂದಲನ್ನು ಹೊತ್ತು ಬರುತ್ತಾರೆ. ತೊಳೆದ ಪ್ರತಿ ಸಲವೂ ಬೆರಳುಗಳನ್ನು ನೆತ್ತಿಯವರೆಗೆ ಇಳಿಸಿ, ಒಂದಕ್ಕೊಂದು ಅಂಟುತ್ತಿರುವ ಜಟೆಗಳನ್ನು ಬುಡದಿಂದ ಬಿಡಿಸಬೇಕು. ಬುಡದಲ್ಲಿ ಸೀಳುವಾಗ ಬರುವ ಆ ಚರಚರ ಸದ್ದು ಮೊದಮೊದಲು ಹೆದರಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಪ್ರಶ್ನೆ: ಮುಂದೊಂದು ದಿನ ಬೇಡವೆನಿಸಿದರೆ ತಲೆ ಬೋಳಿಸದೆ ಬೇರೆ ದಾರಿಯಿಲ್ಲವೇ?

ಉತ್ತರ: ಇದೆ, ತಾಳ್ಮೆಯಿದ್ದರೆ. ಕಂಡೀಷನರಿನಲ್ಲಿ ಚೆನ್ನಾಗಿ ನೆನೆಸಿ, ಲೋಹದ ಬಾಚಣಿಗೆಯ ಚೂಪು ಹಿಡಿಯಿಂದ ತುದಿಯಿಂದ ಆರಂಭಿಸಿ ಎಳೆ ಎಳೆಯಾಗಿ ಬಿಡಿಸುತ್ತ ಮೇಲೇರಬೇಕು. ಹಳೆಯ ಜಟೆಯೊಂದಕ್ಕೇ ಒಂದು ಗಂಟೆ ಹಿಡಿಯಬಹುದು, ಇಡೀ ತಲೆಗೆ ಹಲವು ದಿನ. ಬಾಚಣಿಗೆಯಲ್ಲಿ ಮುಷ್ಟಿ ಮುಷ್ಟಿ ಕೂದಲು ಬಂದಾಗ ಗಾಬರಿಯಾಗಬೇಡಿ. ಅದರಲ್ಲಿ ಬಹುಪಾಲು ನೀವು ಜಟೆ ಹಾಕಿಕೊಂಡ ದಿನದಿಂದ ಸಹಜವಾಗಿ ಉದುರಿ ಒಳಗೇ ಉಳಿದಿದ್ದ ಕೂದಲು. ಸೂಜಿಯಿಂದ ಬಿಗಿದ ಜಟೆಯಾದರೆ ತುದಿಯ ಅರ್ಧವನ್ನು ಮೊದಲೇ ಕತ್ತರಿಸಿ ಬುಡದ ಕಡೆಯದನ್ನಷ್ಟೇ ಬಿಡಿಸುವುದು ಜಾಣತನ.